ನಿಮ್ಮ ಮನೇಲಿ ಇದನ್ನ ಹೇಗೆ ಹೇಳ್ತೀರಿ?

ನಾನು ಮದುಕ್ಕರೈಯವನು, ಬ್ಯಾಂಕಲ್ಲಿ ಕ್ಲರ್ಕ್. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ತಮಿಳಿಗೆ ಹತ್ತಿರದ್ದೇ ಆದ್ರೂ ಮಲಯಾಳಂ ನನಗೆ ಬರಲ್ಲ. ಹಾಗಿದ್ದೂ ಭಾನುವಾರ ವಾಳಯಾರ್ ದಾಟಿ ಪಾಲಕ್ಕಾಡಿಗೆ ಹೋಗಿ, ಬ್ಯಾಂಕ್ ಪರೀಕ್ಷೆಗೆ ಓದೋ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡ್ತೇನೆ. ದುಡ್ಡಿಗಲ್ಲ.

ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ 100 ಪ್ರಶ್ನೆ, 30 ಇಂಗ್ಲಿಷಿನವು. ಪ್ರತಿ ತಪ್ಪಿಗೆ ಕಾಲು ಅಂಕ ಕಟ್. ಈ ಪರೀಕ್ಷೆ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಯಲಿ ಅಂತ 2021ರಲ್ಲಿ ಹಣಕಾಸು ಸಚಿವಾಲಯ ಶಿಫಾರಸು ಮಾಡಿತು. ಕನ್ನಡ, ಮಲಯಾಳಂ ಎರಡೂ ಅದರಲ್ಲಿವೆ. ಆದರೆ ಇಂಗ್ಲಿಷ್ ಭಾಗ ಇಂಗ್ಲಿಷಿನಲ್ಲೇ ಇರುತ್ತೆ.

ಒಬ್ಬ ಹುಡುಗಿ ಪ್ರತಿ ವಾರ 'ಶಿ ಗೋಸ್' ಅನ್ನೋ ಕಡೆ 'ಶಿ ಗೋ' ಬರೀತಿದ್ಲು. ಗಮನ ಇಲ್ಲ ಅಂತ ಗದರಿದೆ. ಒಂದು ದಿನ, ನಿಮ್ಮ ಭಾಷೇಲಿ ಹೇಳಮ್ಮ ಅಂದೆ. ಹೇಳಿದ್ಲು: ಞಾನ್ ಪೋಕುನ್ನು, ಅವನ್ ಪೋಕುನ್ನು, ಅವಳ್ ಪೋಕುನ್ನು.

ನಮ್ಮಲ್ಲಿ ಹೋಗ್ತೇನೆ, ಹೋಗ್ತಾನೆ, ಹೋಗ್ತಾಳೆ. ಮಲಯಾಳಂನಲ್ಲಿ ಯಾರು ಹೋದ್ರೂ ಕ್ರಿಯಾಪದ ಒಂದೇ! ಅವಳಿಗೆ ಗಮನ ಇತ್ತು, ಕೇಳದೇ ಇದ್ದವನು ನಾನು. ಕ್ಷಮಿಸಮ್ಮ ಅಂದೆ. ಅವಳೇ ಬೋರ್ಡಿನ ಹತ್ರ ಬಂದು ಉಳಿದವರಿಗೆ ವಿವರಿಸಿದ್ಲು. ನನಗೆ ಅರ್ಧವೂ ಅರ್ಥ ಆಗಲಿಲ್ಲ, ಅವರಿಗೆ ಆಯ್ತು.

ಒಂದನೇ ಕ್ಲಾಸಲ್ಲಿ ತಮಿಳು ತಿಳೀದೆ ಸುಮ್ಮನೆ ಕೂತಿದ್ದ ನನ್ನನ್ನ ಮಂದ ಅಂದಿದ್ರು. ಹೆಚ್ಚುಕಮ್ಮಿ ಅದೇ ಮಾತು ನನ್ನ ಬಾಯಲ್ಲೂ ಬಂತಲ್ಲ!

ನಮ್ಮ ಮಕ್ಕಳಿಗೆ ಪಾಠ ಮಾಡೋರೆಲ್ಲ ಕನ್ನಡ ಕಲೀಬೇಕು ಅಂತ ನಾನು ಹೇಳ್ತಿಲ್ಲ. 'ನಿಮ್ಮ ಮನೇಲಿ ಇದನ್ನ ಹೇಗೆ ಹೇಳ್ತೀರಿ?' ಅಂತ ಒಂದು ಸಲ ಕೇಳಲಿ. ಹಾಗೆ ಕೇಳಿ ಅಂತ ಅವರಿಗೆ ಹೇಳೋ ಕೆಲಸ ನಮ್ಮದು.