ವಿಶ್ವವಿದ್ಯಾಲಯದ ಹೊಸ್ತಿಲಲ್ಲಿ: ಪ್ರವೇಶ, ದೀಕ್ಷಾರಂಭ ಮತ್ತು ವಿಷಯ ನೋಂದಣಿಗೆ ಸಿದ್ಧತೆ

(ನಮ್ಮ ಶಾಖಾ ಮಠದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

॥ ಶ್ರೀ ಹರಿವಾಯುಗುರುಭ್ಯೋ ನಮಃ ॥



ವ್ಯವಸ್ಥಾಪಕರು ನನಗೆ ಕೊಟ್ಟ ವಿಷಯ ವೇದಾಂತವಲ್ಲ. ಹನ್ನೆರಡನೆಯ ತರಗತಿಯನ್ನು ದಾಟಿದ ನಮ್ಮ ಮಕ್ಕಳು ವಿಶ್ವವಿದ್ಯಾಲಯದ ಪ್ರವೇಶಕ್ಕೂ ವಿಷಯ ನೋಂದಣಿಗೂ ಹೇಗೆ ಸಿದ್ಧರಾಗಬೇಕೆಂಬುದನ್ನು ತಿಳಿಸಬೇಕೆಂದು ಅವರ ಅಪ್ಪಣೆ. ನಾನು ಓದಿದ್ದು ಡಿಪ್ಲೊಮಾ ಮಾತ್ರ. ವಿಶ್ವವಿದ್ಯಾಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಹತ್ತಿದವನಲ್ಲ. ರೈಲ್ವೆಯ ಹಳಿಗಳ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ಮೇಲೆ, ಬಂಧುಗಳ ಮತ್ತು ನೆರೆಹೊರೆಯವರ ಮಕ್ಕಳೊಂದಿಗೆ ಕಂಪ್ಯೂಟರಿನ ಮುಂದೆ ಕುಳಿತು ಅರ್ಜಿಗಳನ್ನು ತುಂಬಿಸುತ್ತಾ ಕಲಿತದ್ದನ್ನು ಹೇಳುತ್ತೇನೆ. ಕಲಿತದ್ದರಲ್ಲಿ ಹೆಚ್ಚಿನದು ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಇಲಾಖೆಯಲ್ಲಿ ಟ್ರಾಫಿಕ್ ಬ್ಲಾಕ್ ಎಂಬುದೊಂದುಂಟು. ಹಳಿಯನ್ನು ಬದಲಿಸಬೇಕಾದಾಗ ಎರಡೋ ಮೂರೋ ಗಂಟೆಗಳ ಕಾಲ ಆ ಮಾರ್ಗದಲ್ಲಿ ಗಾಡಿಗಳನ್ನು ನಿಲ್ಲಿಸಿ ನಮಗೆ ಕೊಡುತ್ತಾರೆ. ಆ ಎರಡು ಗಂಟೆಗಳ ಕೆಲಸಕ್ಕೆ ಹಿಂದಿನ ಎರಡು ವಾರಗಳ ತಯಾರಿ ಬೇಕು. ಹಳಿ, ಸ್ಲೀಪರು, ಬೋಲ್ಟು, ಗ್ಯಾಂಗಿನ ಜನ ಎಲ್ಲವೂ ಮೊದಲೇ ಸ್ಥಳದಲ್ಲಿರಬೇಕು. ಬ್ಲಾಕ್ ದೊರೆತ ಮೇಲೆ ಪಾನಾ ಹುಡುಕಲು ಹೊರಟವನಿಗೆ ಆ ದಿನದ ಕೆಲಸ ಕೈತಪ್ಪಿತೆಂದೇ ಅರ್ಥ. ಇಂದಿನ ಕಾಲೇಜು ಪ್ರವೇಶವೂ ಹಾಗೆಯೇ. ಪಟ್ಟಿ ಪ್ರಕಟವಾದ ಮೇಲೆ ಶುಲ್ಕ ತುಂಬಿ ದಾಖಲೆ ಒಪ್ಪಿಸಲು ದೊರೆಯುವುದು ಎರಡು ಮೂರು ದಿನಗಳು ಮಾತ್ರ.

2022ರಲ್ಲಿ ನಡೆದುದನ್ನು ಹೇಳುತ್ತೇನೆ. ನನ್ನ ತಮ್ಮನ ಮಗಳು ರಾಯಚೂರಿನಲ್ಲಿ ಪಿ.ಯು.ಸಿ. ಮುಗಿಸಿ, ನಮ್ಮ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದಲು ಮುಂಬಯಿಗೆ ಬಂದಳು. ಸಂಖ್ಯಾಶಾಸ್ತ್ರವೆಂದರೆ ಅವಳಿಗೆ ಪ್ರಾಣ. ಅರ್ಜಿಯಲ್ಲಿ ಮೊಬೈಲ್ ಸಂಖ್ಯೆಯ ಅಂಕಣ ಬಂದಾಗ ಅವಳು ತನ್ನ ಸಂಖ್ಯೆಯನ್ನು ಹೇಳತೊಡಗಿದಳು. "ನಿನಗೇನು ತಿಳಿಯುತ್ತದಮ್ಮಾ, ನನ್ನದನ್ನೇ ಬರೆಯುತ್ತೇನೆ" ಎಂದು ನಾನು ನನ್ನ ಸಂಖ್ಯೆಯನ್ನು ಬರೆದೆ. ಎರಡನೆಯ ಪಟ್ಟಿ ಪ್ರಕಟವಾದಾಗ ನಾನು ನಮ್ಮ ತಂದೆಯವರ ಶ್ರಾದ್ಧಕ್ಕಾಗಿ ಊರಿಗೆ ಹೋಗಿದ್ದೆ. ಫೋನು ಚೀಲದಲ್ಲಿ ಬಂದ್ ಆಗಿತ್ತು. ಮರಳಿ ಬರುವಾಗ ರೈಲಿನಲ್ಲಿ ತೆರೆದು ನೋಡಿದರೆ, ಅವಳಿಗೆ ಬೇಕಾದ ಕಾಲೇಜಿನಲ್ಲಿ ಬೇಕಾದ ವಿಷಯವೇ ದೊರೆತಿದೆಯೆಂಬ ಸಂದೇಶ. ಶುಲ್ಕ ತುಂಬುವ ಅವಧಿ ಹಿಂದಿನ ಸಂಜೆಯೇ ಮುಗಿದಿತ್ತು. ಮರುದಿನ ಕಾಲೇಜಿಗೆ ಹೋಗಿ ಕೈಮುಗಿದು ಕೇಳಿಕೊಂಡೆ. ಅವರದೇನೂ ತಪ್ಪಿರಲಿಲ್ಲ, ಆ ಸ್ಥಾನ ಮುಂದಿನವರ ಪಾಲಾಗಿತ್ತು.

ಮಗು ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ಹೋಗಲಿ ಬಿಡಿ ದೊಡ್ಡಪ್ಪ" ಎಂದಳು. ಅದಕ್ಕಿಂತ ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಸಂಖ್ಯಾಶಾಸ್ತ್ರವಿಲ್ಲದ ದೂರದ ಕಾಲೇಜೊಂದರಲ್ಲಿ ಗಣಿತ ತೆಗೆದುಕೊಂಡು ಮೂರು ವರ್ಷ ಓದಿದಳು. ಶ್ರಾದ್ಧಕರ್ಮಕ್ಕೆ ಹೋದದ್ದು ತಪ್ಪಲ್ಲ. ಅದು ನನ್ನ ಕರ್ತವ್ಯ. ಓದುವವಳ ವಿಷಯವನ್ನು ಓದುವವಳ ಕೈಗೆ ಕೊಡದೆ ನನ್ನ ಕಿಸೆಯಲ್ಲಿಟ್ಟುಕೊಂಡದ್ದು ತಪ್ಪು. ಆದುದರಿಂದ ತಂದೆತಾಯಿಗಳಲ್ಲಿ ನನ್ನ ಮೊದಲ ಪ್ರಾರ್ಥನೆ ಇದು: ಅರ್ಜಿಯಲ್ಲಿ ಮಕ್ಕಳ ಸಂಖ್ಯೆಯೂ ಮಕ್ಕಳ ಇ-ಮೇಲ್ ವಿಳಾಸವೂ ಇರಲಿ, ನಿಮ್ಮದು ಎರಡನೆಯ ಅಂಕಣದಲ್ಲಿರಲಿ. ಸೈಬರ್ ಕೆಫೆಯವರದಂತೂ ಎಂದೂ ಬೇಡ. ಪ್ರವೇಶಪದವನ್ನು ಒಂದು ವಹಿಯಲ್ಲಿ ಬರೆದಿಡಿ.

ಇನ್ನು ದಾಖಲೆಗಳ ವಿಚಾರ. ಹತ್ತು ಮತ್ತು ಹನ್ನೆರಡನೆಯ ತರಗತಿಗಳ ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರ, ಆಧಾರ್, ಭಾವಚಿತ್ರಗಳು ಎಲ್ಲರಿಗೂ ತಿಳಿದಿರುವಂಥವು. ಕರ್ನಾಟಕದ ಪಿ.ಯು. ಮಂಡಳಿಯಿಂದ ಅಥವಾ ಕೇಂದ್ರೀಯ ಮಂಡಳಿಯಿಂದ ಬಂದವರಿಗೆ ಸಾಮಾನ್ಯವಾಗಿ ಮೈಗ್ರೇಶನ್ ಪ್ರಮಾಣಪತ್ರವೂ ಬೇಕಾಗುತ್ತದೆ. ಆರ್ಥಿಕವಾಗಿ ಹಿಂದುಳಿದ ವರ್ಗಕ್ಕೆ 2019ರ 103ನೆಯ ಸಂವಿಧಾನ ತಿದ್ದುಪಡಿಯಿಂದ ಒದಗಿದ ಶೇಕಡಾ 10ರ ಮೀಸಲಾತಿಗೆ ಅರ್ಹರಾದ ಕುಟುಂಬಗಳು ನಮ್ಮಲ್ಲಿಯೂ ಇವೆ; ಸಂಕೋಚಪಟ್ಟು ಕೇಳದೆ ಉಳಿಯುವವರೂ ಇದ್ದಾರೆ. ಕೇಂದ್ರದ ಸಂಸ್ಥೆಗಳಿಗೆ ಆ ಪ್ರಮಾಣಪತ್ರವು ಆಯಾ ಆರ್ಥಿಕ ವರ್ಷದ್ದಾಗಿರಬೇಕು. ಕಳೆದ ವರ್ಷದ್ದು ನಡೆಯದು. ಆದ್ದರಿಂದ ಏಪ್ರಿಲ್ ತಿಂಗಳಲ್ಲಿಯೇ ಅರ್ಜಿ ಹಾಕತಕ್ಕದ್ದು.

ಹೊರನಾಡ ಕನ್ನಡಿಗರಾದ ನಮಗೆ ವಿಶೇಷವಾಗಿ ತೊಡಕಾಗುವುದು ಹೆಸರು. ನಮ್ಮ ಊರಿನ ಅಂಕಪಟ್ಟಿಯಲ್ಲಿ ಹೆಸರಿನೊಂದಿಗೆ ಒಂದೆರಡು ಇನಿಷಿಯಲ್ ಮಾತ್ರ ಇರುತ್ತವೆ. ಮಹಾರಾಷ್ಟ್ರದ ಅರ್ಜಿಯಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಎಂದು ಬೇರೆ ಬೇರೆ ಅಂಕಣಗಳಿರುತ್ತವೆ. ಆಧಾರಿನಲ್ಲಿ ಮೂರನೆಯ ರೀತಿ. ಒಬ್ಬನೇ ಹುಡುಗ ಮೂರು ದಾಖಲೆಗಳಲ್ಲಿ ಮೂವರಾಗಿ ಕಾಣುತ್ತಾನೆ. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಜಾರಿಗೆ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯಲ್ಲಿ ಪ್ರತಿ ವಿದ್ಯಾರ್ಥಿಗೂ 12 ಅಂಕಿಗಳ ಗುರುತಿನ ಸಂಖ್ಯೆಯೊಂದಿರುತ್ತದೆ. ಡಿಜಿಲಾಕರ್ ಮೂಲಕ ಅದನ್ನು ಪಡೆಯಬಹುದು. ಗಳಿಸಿದ ಕ್ರೆಡಿಟ್‌ಗಳೆಲ್ಲ ಅಲ್ಲಿ ಜಮೆಯಾಗುತ್ತವೆ. ಹೆಸರು, ಜನ್ಮದಿನಾಂಕ ಹೊಂದಿಕೆಯಾಗದಿದ್ದರೆ ಜಮೆಯಲ್ಲಿಯೇ ಗೊಂದಲ. ಹೆಸರು ತಿದ್ದಿಸಲು ವಾರಗಳೇ ಬೇಕು. ಇಂದು ಇಲ್ಲಿ ಕುಳಿತಿರುವ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳ ಪಾಲಕರು ಮನೆಗೆ ಹೋಗಿ ಮೊದಲು ಈ ಮೂರು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಶುಲ್ಕದ ವಿಷಯದಲ್ಲಿಯೂ ಒಂದು ಮಾತು. ಒಂದು ಕಡೆ ಹಣ ತುಂಬಿದ ಮೇಲೆ ಮತ್ತೊಂದು ಉತ್ತಮ ಸ್ಥಾನ ದೊರೆತರೆ ಹಣ ಹೋಯಿತೆಂದು ಹೆದರುವವರಿದ್ದಾರೆ. ಆಯೋಗದ 2018ರ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಕ್ಕೆ 15 ದಿನಗಳಾದರೂ ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ, ಆ 15 ದಿನಗಳ ಒಳಗೆ ಬಿಟ್ಟರೆ ಶೇಕಡಾ 90, ಕೊನೆಯ ದಿನ ಕಳೆದು 15 ದಿನಗಳೊಳಗಾದರೆ ಶೇಕಡಾ 80, 30 ದಿನಗಳೊಳಗಾದರೆ ಶೇಕಡಾ 50 ಹಿಂದಿರುಗಬೇಕು. ಆ ಬಳಿಕ ಏನೂ ಇಲ್ಲ. ಕೆಲವು ವರ್ಷಗಳಲ್ಲಿ ಆಯೋಗವು ಇದಕ್ಕಿಂತ ಉದಾರವಾದ ಸೂಚನೆಗಳನ್ನೂ ಹೊರಡಿಸಿದೆ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಸಂಸ್ಥೆಯು ತನ್ನಲ್ಲಿ ಇಟ್ಟುಕೊಳ್ಳಬಾರದೆಂದೂ ಅದೇ ಅಧಿಸೂಚನೆ ಹೇಳುತ್ತದೆ. ವಿನಯದಿಂದ ಕೇಳಿ, ಆದರೆ ಕೇಳದೆ ಇರಬೇಡಿ.

ಈಗ ವಿಷಯಗಳ ಆಯ್ಕೆಗೆ ಬರೋಣ. ನಮ್ಮ ಶಾಸ್ತ್ರಗ್ರಂಥಗಳನ್ನು ಆರಂಭಿಸುವಾಗ ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ನಾಲ್ಕನ್ನು ವಿಚಾರಿಸುವ ಪದ್ಧತಿ ಇದೆಯೆಂಬುದನ್ನು ಇಲ್ಲಿರುವ ಹಿರಿಯರು ಬಲ್ಲರು. ಅನುಬಂಧಚತುಷ್ಟಯವೆಂದು ಅದರ ಹೆಸರು. ಓದುವವನು ಯಾರು, ಓದುವುದು ಏನನ್ನು, ಓದಿ ಪಡೆಯುವುದೇನು, ಇವುಗಳಿಗೆ ಪರಸ್ಪರ ಸಂಬಂಧವೇನು ಎಂದು ನಿಶ್ಚಯವಾಗದೆ ಗ್ರಂಥವನ್ನು ತೆರೆಯುವುದಿಲ್ಲ. ನೋಂದಣಿಯ ಪುಟವನ್ನು ತೆರೆಯುವ ಮೊದಲು ಇದೇ ನಾಲ್ಕು ಪ್ರಶ್ನೆಗಳನ್ನು ಒಂದು ಕಾಗದದ ಮೇಲೆ ಬರೆದು ಉತ್ತರಿಸಬೇಕೆಂದು ನನ್ನ ಸೂಚನೆ.

ಮೊದಲನೆಯದು ಅಧಿಕಾರ. ಆ ವಿಷಯಕ್ಕೆ ಹನ್ನೆರಡನೆಯ ತರಗತಿಯಲ್ಲಿ ಗಣಿತವಿರಬೇಕೇ, ಇಂತಿಷ್ಟು ಅಂಕ ಬೇಕೇ ಎಂಬುದು ಕಾಗದದ ಅಧಿಕಾರ. ಆ ವಿಷಯವನ್ನು ಓದುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲವೇ ಎಂಬುದು ನಿಜವಾದ ಅಧಿಕಾರ. ಪಕ್ಕದ ಮನೆಯವರ ಮಗ ತೆಗೆದುಕೊಂಡನೆಂಬುದು ಅಧಿಕಾರವಾಗದು.

ಎರಡನೆಯದು ವಿಷಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ ರೂಪುಗೊಂಡ ಪದವಿಯಲ್ಲಿ ಒಂದು ಮುಖ್ಯ ವಿಷಯ, ಒಂದು ಉಪವಿಷಯ, ಬೇರೆ ಶಾಖೆಯಿಂದ ಆರಿಸುವ ವಿಷಯ, ಭಾಷೆ, ಕೌಶಲ ಎಂದು ಹಲವು ಬುಟ್ಟಿಗಳಿವೆ. ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್ ಪದವಿಗೆ 160. ಮಹಾರಾಷ್ಟ್ರದಲ್ಲಿ ಭಾರತೀಯ ಜ್ಞಾನಪರಂಪರೆ ಎಂಬುದೂ ಒಂದು ಭಾಗವಾಗಿದೆ. ಸಂಸ್ಕೃತ, ಸ್ತೋತ್ರಪಾಠಗಳ ಸಂಸ್ಕಾರವುಳ್ಳ ನಮ್ಮ ಮಕ್ಕಳು ಅದನ್ನು ಸುಲಭದ ಅಂಕವೆಂದು ನೋಡದೆ ಮನಸ್ಸಿಟ್ಟು ಓದಲಿ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಕನ್ನಡ ವಿಭಾಗವೇ ಇದೆಯೆಂಬುದನ್ನು ಈ ಸಂದರ್ಭದಲ್ಲಿ ನೆನಪಿಸುತ್ತೇನೆ. ಹೊರನಾಡಿನಲ್ಲಿ ಹುಟ್ಟಿದ ಮಕ್ಕಳು ಸ್ನಾತಕೋತ್ತರ ಹಂತದವರೆಗೂ ಕನ್ನಡವನ್ನು ಓದಬಲ್ಲರು.

ಮೂರನೆಯದು ಪ್ರಯೋಜನ. ಮುಂದೆ ನೌಕರಿಯೇ, ಸಂಶೋಧನೆಯೇ, ಸಿ.ಎ. ಮೊದಲಾದ ವೃತ್ತಿಪರೀಕ್ಷೆಯೇ? ಮೂರಕ್ಕೂ ದಾರಿ ಬೇರೆ. ಹೊಸ ಪದ್ಧತಿಯಲ್ಲಿ ಒಂದು ವರ್ಷಕ್ಕೆ ಪ್ರಮಾಣಪತ್ರ, ಎರಡು ವರ್ಷಕ್ಕೆ ಡಿಪ್ಲೊಮಾ ಪಡೆದು ಹೊರಬರಲು ಅವಕಾಶವಿದೆ. ಅದು ಆಪತ್ತಿನ ಕಿಟಕಿಯೆಂದು ತಿಳಿಯಬೇಕು, ಬಾಗಿಲೆಂದು ಭಾವಿಸಬಾರದು. ನನ್ನಂತೆ ಪಾಲಿಟೆಕ್ನಿಕ್ಕಿನಲ್ಲಿ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದವರಿಗೆ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶವಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅಂಕ ಕಡಿಮೆ ಬಂದಿತೆಂದು ಯಾವ ಮಗುವೂ ದಾರಿ ಮುಚ್ಚಿತೆಂದು ಭಾವಿಸಬಾರದು.

ನಾಲ್ಕನೆಯದು ಸಂಬಂಧ. ಆರಿಸಿದ ವಿಷಯಗಳು ಒಂದಕ್ಕೊಂದು ಹೊಂದಬೇಕು; ಮನೆಯ ದಿನಚರಿಗೂ ಹೊಂದಬೇಕು. ಲೆಕ್ಕ ಮಾಡೋಣ. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿನಲ್ಲಿ 15 ಗಂಟೆಗಳ ಪಾಠ ಅಥವಾ 30 ಗಂಟೆಗಳ ಪ್ರಯೋಗ. ಆರು ಸೆಮಿಸ್ಟರುಗಳಿಗೆ 120 ಎಂದರೆ ಪ್ರತಿಯೊಂದಕ್ಕೆ 20. ವಾರಕ್ಕೆ ಸುಮಾರು 20 ಗಂಟೆಗಳ ಪಾಠವಾಯಿತು. ಪ್ರಯೋಗವಿದ್ದರೆ ಇನ್ನೂ ಹೆಚ್ಚು. ಡೊಂಬಿವಲಿಯಿಂದ ದಕ್ಷಿಣ ಮುಂಬಯಿಯ ಕಾಲೇಜಿಗೆ ಮನೆಯಿಂದ ಬಾಗಿಲವರೆಗೆ ಒಂದೂವರೆ ಗಂಟೆಯೆಂದರೆ ಹೋಗಿಬರಲು ದಿನಕ್ಕೆ ಮೂರು, ಆರು ದಿನಕ್ಕೆ 18 ಗಂಟೆ. ಪಾಠದಷ್ಟೇ ಪ್ರಯಾಣ! ಹೆಸರುವಾಸಿ ಕಾಲೇಜಿನ ಹಂಬಲದಲ್ಲಿ ಈ 18 ಗಂಟೆಗಳನ್ನು ಮರೆಯಬೇಡಿ. ಬೆಳಗಿನ ಏಳಕ್ಕೇ ಪಾಠವಿದ್ದರೆ ಸಂಧ್ಯಾವಂದನೆಯೂ ತಿಂಡಿಯೂ ಎಷ್ಟು ಹೊತ್ತಿಗೆಂದು ವೇಳಾಪಟ್ಟಿ ನೋಡಿಯೇ ನಿಶ್ಚಯಿಸಿ. ದೂರವೇ ಅನಿವಾರ್ಯವಾದರೆ, 25 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ರೈಲ್ವೆಯ ಸೀಸನ್ ಟಿಕೆಟ್ ಅರ್ಧ ದರದಲ್ಲಿ ದೊರೆಯುತ್ತದೆ. ಅದಕ್ಕೆ ಬೇಕಾದ ರಿಯಾಯಿತಿ ಪತ್ರವನ್ನು ಕಾಲೇಜಿನ ಕಚೇರಿಯಲ್ಲಿ ಮೊದಲ ವಾರವೇ ಕೇಳಿ ಪಡೆಯಿರಿ.

ಪ್ರವೇಶವಾದ ಮೇಲೆ ಹೊಸ ವಿದ್ಯಾರ್ಥಿಗಳ ಪರಿಚಯ ಕಾರ್ಯಕ್ರಮ. ಎಂಜಿನಿಯರಿಂಗ್ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣ ಪರಿಷತ್ತು ಮೂರು ವಾರಗಳ ಕಾರ್ಯಕ್ರಮವನ್ನು ವಿಧಿಸಿದೆ. ಉಳಿದ ಸಂಸ್ಥೆಗಳಿಗಾಗಿ ಅನುದಾನ ಆಯೋಗವು 2019ರಲ್ಲಿ ಹೊರತಂದ ಮಾರ್ಗದರ್ಶಿಯ ಹೆಸರೇ 'ದೀಕ್ಷಾರಂಭ'. ನಮಗೆಷ್ಟು ಪರಿಚಿತವಾದ ಶಬ್ದ! ಆದರೂ, ಪಾಠವಿನ್ನೂ ಆರಂಭವಾಗಿಲ್ಲವೆಂದು ಆ ದಿನಗಳಲ್ಲಿ ಮಕ್ಕಳನ್ನು ಊರಿಗೆ ಕರೆದೊಯ್ಯುವ ಪಾಲಕರನ್ನು ಕಂಡಿದ್ದೇನೆ. ಹಾಗೆ ಮಾಡಬಾರದು. ಹಾಜರಿ ಎಷ್ಟು ಬೇಕು, ಆಂತರಿಕ ಪರೀಕ್ಷೆಯ ಅಂಕ ಹೇಗೆ, ಉಪವಿಷಯವನ್ನು ಬದಲಿಸಲು ಕೊನೆಯ ದಿನ ಯಾವುದು, ಅನುತ್ತೀರ್ಣವಾದರೆ ದಾರಿಯೇನು, ಕಷ್ಟ ಬಂದಾಗ ಯಾವ ಅಧ್ಯಾಪಕರನ್ನು ಕಾಣಬೇಕು ಎಂಬ ಐದು ಪ್ರಶ್ನೆಗಳಿಗೆ ಉತ್ತರವನ್ನು ಬರೆದುಕೊಂಡು ಬರಬೇಕು.

ಅದೇ ದಿನಗಳಲ್ಲಿ ರ್‍ಯಾಗಿಂಗ್ ವಿರುದ್ಧದ ಮುಚ್ಚಳಿಕೆಗೆ ವಿದ್ಯಾರ್ಥಿಯೂ ಪಾಲಕರೂ ಸಹಿ ಮಾಡಬೇಕಾಗುತ್ತದೆ. 2009ರ ನಿಯಮಗಳ ಪ್ರಕಾರ ಅದು ಕಡ್ಡಾಯ. ಓದದೆ ಸಹಿ ಹಾಕಬೇಡಿ. ಮಕ್ಕಳೊಂದಿಗೆ ಕುಳಿತು ಓದಿ. ಶಿಖೆಗಾಗಿ, ಮುದ್ರೆಗಾಗಿ, ಊಟದ ನಿಯಮಕ್ಕಾಗಿ ಯಾರಾದರೂ ಅತಿಯಾಗಿ ಪೀಡಿಸಿದರೆ ಸಹಿಸಿಕೊಂಡು ಕುಳಿತುಕೊಳ್ಳುವುದು ಧರ್ಮವಲ್ಲ. 1800-180-5522 ಎಂಬ ಸಹಾಯವಾಣಿ ದಿನದ 24 ಗಂಟೆಯೂ ಇದೆ. ನಮ್ಮ ಮಕ್ಕಳು ಮುಂದೆ ಹಿರಿಯ ವಿದ್ಯಾರ್ಥಿಗಳಾದಾಗ ಇನ್ನೊಬ್ಬರ ಮಗುವನ್ನು ಪೀಡಿಸಬಾರದೆಂಬುದೂ ಆ ಮುಚ್ಚಳಿಕೆಯ ಅರ್ಥವೇ ಆಗಿದೆ.

ಕೊನೆಯದಾಗಿ ಒಂದು ಮಾತು. ನನ್ನ ತಮ್ಮನ ಮಗಳು ಪದವಿ ಮುಗಿಸಿ ಈಗ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಈ ಹೊತ್ತು ಇಲ್ಲಿಯೇ, ಹಿಂದೆ ಪ್ರಸಾದದ ವ್ಯವಸ್ಥೆಯಲ್ಲಿದ್ದಾಳೆ. ಈ ಸಲದ ಅರ್ಜಿಯನ್ನು ಅವಳೇ ತುಂಬಿದಳು. ನಾನು ಪಕ್ಕದಲ್ಲಿ ಕುಳಿತು ಕೇವಲ ನೋಡಿದೆ. ಮೊದಲ ಅಂಕಣದಲ್ಲಿ ತನ್ನ ಸಂಖ್ಯೆಯನ್ನು ಬರೆದು, ಎರಡನೆಯ ಅಂಕಣಕ್ಕೆ ಬಂದಾಗ "ದೊಡ್ಡಪ್ಪ, ಇಲ್ಲಿ ನಿಮ್ಮದನ್ನು ಬರೆಯಲೇ?" ಎಂದು ಕೇಳಿದಳು. ಮೂರು ವರ್ಷಗಳಿಂದ ಎದೆಯಲ್ಲಿದ್ದ ಭಾರ ಆ ಒಂದು ಪ್ರಶ್ನೆಯಿಂದ ಅರ್ಧಕ್ಕಿಳಿಯಿತು.

ಅರ್ಜಿ ತುಂಬಲು ಸಹಾಯ ಬೇಕಾದವರು ಸಂಕೋಚವಿಲ್ಲದೆ ನನ್ನನ್ನು ಮಠದಲ್ಲಿ ಕಾಣಬಹುದು. ಬರುವಾಗ ಮಕ್ಕಳನ್ನು ಕರೆತನ್ನಿ. ಕೀಲಿಮಣೆಯ ಮುಂದೆ ಅವರೇ ಕುಳಿತುಕೊಳ್ಳಲಿ, ನಾವು ಪಕ್ಕದಲ್ಲಿರೋಣ. ಹರಿವಾಯುಗುರುಗಳ ಅನುಗ್ರಹದಿಂದ ಅವರ ವಿದ್ಯೆಯು ಸಾರ್ಥಕವಾಗಲೆಂದು ಪ್ರಾರ್ಥಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥