ಲಕ್ಸೆಂಬರ್ಗ್‌ಗೆ ಹೋದರೆ ಎಲ್ಲಿ ಉಳಿದುಕೊಳ್ಳಬೇಕು?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಊರು ಧಾರವಾಡ. ಒಂದು ಪ್ರಾಜೆಕ್ಟ್ ಕೆಲಸಕ್ಕೆ ಅಂತ ಮೂರು ತಿಂಗಳು ಲಕ್ಸೆಂಬರ್ಗ್‌ನಲ್ಲಿದ್ದೆ. ಆಮೇಲೆ 2025ರ ಮೇ ತಿಂಗಳಲ್ಲಿ ಅಪ್ಪ-ಅವ್ವನನ್ನ ಕರಕೊಂಡು ಮತ್ತೆ ಹೋಗಿ ಬಂದೆ. ಅಲ್ಲಿಂದ ಬಂದ ಮೇಲೆ ಆಫೀಸಿನವರು, ನಮ್ಮ ಸೊಸೈಟಿಯವರು, ಕನ್ನಡ ಸಂಘದವರು ಎಲ್ಲರೂ ಕೇಳೋದು ಒಂದೇ: "ಎಲ್ಲಿ ಉಳಿದುಕೊಳ್ಳೋದು ಒಳ್ಳೇದು?" ಕೇಳಿ ಅವರೇ ಉತ್ತರಾನೂ ಹೇಳ್ತಾರೆ: "ಊರು ಚಿಕ್ಕದಲ್ವಾ, ಎಲ್ಲಿದ್ರೂ ನಡೆಯುತ್ತೆ ಬಿಡಿ."

ಊರು ಚಿಕ್ಕದು, ನಿಜ. ಇಡೀ ದೇಶದ ವಿಸ್ತೀರ್ಣ 2,586 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ರಾಜಧಾನಿಯಲ್ಲಿರುವ ಜನ ಸುಮಾರು 1.3 ಲಕ್ಷ. ಹಿಂಜವಡಿಗೆ ದಿನಾ ಓಡಾಡುವ ನಮ್ಮಂಥವರಿಗೆ ಅಲ್ಲಿನ ದೂರಗಳೆಲ್ಲ ಒಂದು ಲೆಕ್ಕವೇ ಅಲ್ಲ. ಆದರೆ "ಎಲ್ಲಿದ್ರೂ ನಡೆಯುತ್ತೆ" ಅನ್ನೋದನ್ನ ನಾನು ಒಪ್ಪೋದಿಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ. ನೀವು ಹೋಗೋದು ಬೇರೆ ಯಾವುದೋ ಚಿಕ್ಕ ರಾಜಧಾನಿಗೇ ಇರಬಹುದು, ಆಗಲೂ ಇದೇ ರೀತಿ ಯೋಚಿಸಬಹುದು.

ಮೊದಲನೆಯದು, ಎತ್ತರ. ರೂಮ್ ಬುಕ್ ಮಾಡುವ ಆ್ಯಪ್‌ಗಳಲ್ಲಿ "ಸಿಟಿ ಸೆಂಟರ್‌ನಿಂದ 600 ಮೀಟರ್" ಅಂತ ತೋರಿಸ್ತಾರಲ್ಲ, ಅದು ಸಾಮಾನ್ಯವಾಗಿ ಮ್ಯಾಪ್ ಮೇಲೆ ನೇರ ಗೆರೆ ಎಳೆದು ಅಳೆದ ದೂರ. ಮ್ಯಾಪ್ ಚಪ್ಪಟೆ. ಲಕ್ಸೆಂಬರ್ಗ್ ಚಪ್ಪಟೆ ಊರಲ್ಲ. ಆಲ್ಜೆಟ್ ಮತ್ತು ಪೆಟ್ರೂಸ್ ಅಂತ ಎರಡು ನದಿಗಳು ಬಂಡೆ ಕೊರೆದು ಆಳವಾದ ಕಣಿವೆ ಮಾಡಿವೆ. ಹಳೇ ಪೇಟೆ ಬಂಡೆಯ ಮೇಲಿದೆ. ಗ್ರುಂಡ್, ಫಾಫೆಂಟಾಲ್ ಅನ್ನುವ ಓಣಿಗಳು ಕಣಿವೆಯ ತಳದಲ್ಲಿವೆ. ಹಿಂದಿನ ಕಾಲದಲ್ಲಿ ಇದು ಯುರೋಪಿನ ದೊಡ್ಡ ಕೋಟೆಗಳಲ್ಲಿ ಒಂದಾಗಿತ್ತು. 1994ರಲ್ಲಿ ಯುನೆಸ್ಕೋ ಈ ಹಳೇ ಪೇಟೆ ಮತ್ತು ಕೋಟೆಯನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆ ಕಟ್ಟೋದಕ್ಕೆ ಒಳ್ಳೆಯ ಜಾಗ ಅಂದರೆ ಮೊಣಕಾಲಿಗೆ ಕೆಟ್ಟ ಜಾಗ ಅಂತ ತಿಳ್ಕೊಳ್ಳಿ.

ಊರಿನವರು ಇದಕ್ಕೆ ಚೆನ್ನಾಗಿ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಗ್ರುಂಡ್‌ನಿಂದ ಮೇಲಕ್ಕೆ ಬಂಡೆಯೊಳಗೆ ಲಿಫ್ಟ್ ಇದೆ. ಫಾಫೆಂಟಾಲ್‌ನಿಂದ ಮೇಲಿನ ಪೇಟೆಗೆ 71 ಮೀಟರ್ ಎತ್ತರದ ಗಾಜಿನ ಲಿಫ್ಟ್ ಇದೆ, 2016ರಲ್ಲಿ ಶುರುವಾಗಿದ್ದು. ಅದೇ ಫಾಫೆಂಟಾಲ್‌ನ ಇನ್ನೊಂದು ಕಡೆಯಿಂದ ಕಿರ್ಶ್‌ಬರ್ಗ್ ಗುಡ್ಡಕ್ಕೆ ಹಳಿ ಮೇಲೆ ಹತ್ತುವ ಫ್ಯುನಿಕ್ಯುಲರ್ ಇದೆ, ಅದು 2017ರದು. ಎಲ್ಲಾ ಪುಕ್ಕಟೆ. ವಯಸ್ಸಿನ ಹುಡುಗರು ನಾಲ್ಕು ಜನ ಹೋಗ್ತೀರಿ ಅಂದರೆ ಕಣಿವೆಯಲ್ಲೇ ಇರಿ. ನದಿ ಪಕ್ಕದ ಹಳೇ ಮನೆಗಳು, ತಲೆ ಎತ್ತಿದರೆ ಕೋಟೆ ಗೋಡೆ, ಅದರ ಚೆಂದವೇ ಬೇರೆ. ಯೂತ್ ಹಾಸ್ಟೆಲ್ ಒಂದು ಅಲ್ಲೇ ಕೆಳಗಿದೆ, ಬಸ್ ಕೂಡ ಬರುತ್ತೆ. ಆದರೆ ಜೊತೆಗೆ ಮಂಡಿ ನೋವಿನವರಿದ್ದರೆ ಲೆಕ್ಕ ಬದಲಾಗುತ್ತೆ. ಲಿಫ್ಟ್ ರಿಪೇರಿಗೆ ನಿಂತ ದಿನ, ಕಲ್ಲು ಹಾಸಿದ ಏರುದಾರಿಯಲ್ಲಿ 600 ಮೀಟರ್ ಅಂದ್ರೆ ಏನು ಅಂತ ಆ್ಯಪ್ ಹೇಳೋದಿಲ್ಲ.

ಎರಡನೆಯದು, ಸಾರಿಗೆ. 2020ರ ಫೆಬ್ರವರಿ 29ರಿಂದ ಇಡೀ ದೇಶದಲ್ಲಿ ಬಸ್, ಟ್ರಾಮ್, ರೈಲು ಪುಕ್ಕಟೆ. ರೈಲಿನಲ್ಲಿ ಫಸ್ಟ್ ಕ್ಲಾಸ್‌ಗೆ ಮಾತ್ರ ದುಡ್ಡು. ಅಲ್ಲಿಯವರಿಗಷ್ಟೇ ಅಲ್ಲ, ಪ್ರವಾಸಿಗರಿಗೂ ಇದು ಅನ್ವಯಿಸುತ್ತೆ. ಟಿಕೆಟ್ ಕೌಂಟರ್ ಹುಡುಕೋದು, ಮಷೀನ್ ಮುಂದೆ ಕಾರ್ಡ್ ಹಿಡಿದು ಒದ್ದಾಡೋದು, ತಪ್ಪು ಟಿಕೆಟ್‌ಗೆ ದಂಡ ಕಟ್ಟೋದು ಯಾವುದೂ ಇಲ್ಲ. ಟ್ರಾಮ್‌ಗೆ ಇರೋದು ಒಂದೇ ಮಾರ್ಗ. 2025ರ ಮಾರ್ಚ್‌ನಿಂದ ಅದು ವಿಮಾನ ನಿಲ್ದಾಣಕ್ಕೂ ಹೋಗುತ್ತೆ. ಏರ್‌ಪೋರ್ಟಿನಿಂದ ಕಿರ್ಶ್‌ಬರ್ಗ್, ಅಲ್ಲಿಂದ ಕೆಂಪು ಸೇತುವೆ ದಾಟಿ ಹಳೇ ಪೇಟೆಯ ಅಂಚು, ಅಲ್ಲಿಂದ ರೈಲ್ವೆ ಸ್ಟೇಷನ್, ಹೀಗೆ ಸಾಗುತ್ತೆ. ಹಾಗಾಗಿ ನನ್ನ ಮೊದಲ ಫಿಲ್ಟರ್ ಇದು: ಸೆಂಟರ್‌ನಿಂದ ಎಷ್ಟು ದೂರ ಅಂತ ನೋಡಬೇಡಿ, ಟ್ರಾಮ್ ಸ್ಟಾಪಿನಿಂದ ಎಷ್ಟು ದೂರ, ನಡುವೆ ಏರು ಇದೆಯಾ ಅಂತ ನೋಡಿ.

ರೈಲು ಪುಕ್ಕಟೆ ಆದ್ದರಿಂದ ಇನ್ನೊಂದು ಅನುಕೂಲ ಇದೆ. ರಾಜಧಾನಿಯಲ್ಲೇ ಇರಬೇಕು ಅಂತೇನಿಲ್ಲ. ದಕ್ಷಿಣಕ್ಕೆ ಎಶ್ ಅಂತ ಊರಿದೆ, ಹಿಂದೆ ಉಕ್ಕಿನ ಕಾರ್ಖಾನೆಗಳ ಊರು, ದೇಶದಲ್ಲೇ ಎರಡನೇ ದೊಡ್ಡದು. ಅರ್ಧ ಗಂಟೆಯೊಳಗೆ ರೈಲಿನಲ್ಲಿ ರಾಜಧಾನಿ ಸೇರಬಹುದು. ಎಂಟು-ಹತ್ತು ದಿನ ಇರೋರು ಅಲ್ಲೂ ಒಮ್ಮೆ ಹುಡುಕಿ.

ಮೂರನೆಯದು ವಾರ ಮತ್ತು ತಿಂಗಳು. ಬೇರೆ ಕಡೆ ಶನಿವಾರ-ಭಾನುವಾರ ಹೋಟೆಲ್ ದುಬಾರಿ. ಇಲ್ಲಿ ಉಲ್ಟಾ. ಇದು ಬ್ಯಾಂಕಿನವರ, ಫಂಡ್ ಕಂಪನಿಯವರ, ಯುರೋಪಿಯನ್ ಯೂನಿಯನ್ ಅಧಿಕಾರಿಗಳ ಊರು. ಯುರೋಪಿಯನ್ ಯೂನಿಯನ್‌ನ ನ್ಯಾಯಾಲಯ, ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಎಲ್ಲ ಕಿರ್ಶ್‌ಬರ್ಗ್‌ನಲ್ಲಿವೆ. ಕೆಲಸಕ್ಕೆ ಬಂದವರು ಸೋಮವಾರದಿಂದ ಗುರುವಾರದವರೆಗೆ ರೂಮ್ ತುಂಬ್ತಾರೆ, ಶುಕ್ರವಾರ ಖಾಲಿ ಮಾಡ್ತಾರೆ. ಅದೇ ರೂಮು ಶುಕ್ರವಾರ ರಾತ್ರಿಗೆ ಎಷ್ಟೋ ಕಡಿಮೆಗೆ ಸಿಗೋದನ್ನ ನಾನು ಮತ್ತೆ ಮತ್ತೆ ನೋಡಿದ್ದೀನಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಏಪ್ರಿಲ್, ಜೂನ್, ಅಕ್ಟೋಬರ್ ಈ ಮೂರು ತಿಂಗಳು ಯುರೋಪಿಯನ್ ಯೂನಿಯನ್‌ನ ಮಂತ್ರಿಗಳ ಸಭೆಗಳು ಬ್ರಸೆಲ್ಸ್ ಬಿಟ್ಟು ಲಕ್ಸೆಂಬರ್ಗ್‌ನಲ್ಲಿ ನಡೀತಾವೆ. ಆ ದಿನಗಳಲ್ಲಿ ಮಂತ್ರಿಗಳು, ಅವರ ಸಿಬ್ಬಂದಿ, ಪತ್ರಕರ್ತರು ಎಲ್ಲರಿಗೂ ರೂಮ್ ಬೇಕು. ನಾನು ಮೇ ತಿಂಗಳನ್ನ ಆರಿಸಿದ್ದಕ್ಕೆ ಇದೂ ಒಂದು ಕಾರಣ.

ಈಗ ಓಣಿಗಳ ಬಗ್ಗೆ ಚುಟುಕಾಗಿ ಹೇಳ್ತೀನಿ. ಮೇಲಿನ ಹಳೇ ಪೇಟೆ: ಅರಮನೆ, ಚರ್ಚು, ಅಂಗಡಿಗಳು ಎಲ್ಲ ನಡೆದು ನೋಡಬಹುದು, ಆದರೆ ಬೆಲೆ ಜಾಸ್ತಿ. ಗಾರ್, ಅಂದರೆ ರೈಲ್ವೆ ಸ್ಟೇಷನ್ ಸುತ್ತಮುತ್ತ: ಹೋಟೆಲ್‌ಗಳು ಹೆಚ್ಚು, ಬೆಲೆ ಸ್ವಲ್ಪ ಕಡಿಮೆ, ನಮ್ಮ ಊಟ ಸಿಗುವ ಜಾಗಗಳೂ ಇವೆ. ಭಾನುವಾರ ಊರೆಲ್ಲ ಬಾಗಿಲು ಹಾಕಿದಾಗಲೂ ಸ್ಟೇಷನ್ ಕಡೆ ಏನಾದರೂ ತೆರೆದಿರುತ್ತೆ. ಆದರೆ ಅಲ್ಲಿನ ಕೆಲವು ಬೀದಿಗಳಲ್ಲಿ ಮಾದಕ ವಸ್ತುಗಳ ಕಾಟ ಇದೆ ಅಂತ ಊರಿನವರೇ ದೂರುತ್ತಾರೆ. ರಾತ್ರಿ ತಡವಾಗಿ ಬರುವವರು ಸ್ಟೇಷನ್ನಿನ ಮುಂದಿನ ದೊಡ್ಡ ರಸ್ತೆಯಲ್ಲೇ ಹೋಟೆಲ್ ನೋಡಿಕೊಳ್ಳಿ. ಕಿರ್ಶ್‌ಬರ್ಗ್: ಅಗಲ ರಸ್ತೆ, ಗಾಜಿನ ಕಟ್ಟಡ, ದೊಡ್ಡ ಮಾಲ್, ಸಂಗೀತ ಸಭಾಂಗಣ, ಮ್ಯೂಸಿಯಂ. ಸಂಜೆಯಾದರೆ ಬಿಕೋ ಅನ್ನುತ್ತೆ, ಆದರೆ ವಾರದ ಕೊನೆಗೆ ಒಳ್ಳೆಯ ರೇಟು ಸಿಗುತ್ತೆ. ಲಿಂಪರ್ಟ್ಸ್‌ಬರ್ಗ್: ಹಳೇ ಪೇಟೆಗೆ ಹತ್ತಿಕೊಂಡೇ ಇರುವ ವಸತಿ ಪ್ರದೇಶ, ಹಳೇ ಪೇಟೆಯ ಮಟ್ಟದಲ್ಲೇ ಇದೆ, ಅಂಚಿನಲ್ಲೇ ಟ್ರಾಮ್. ನೋಡೋದಕ್ಕೆ ಅಂತ ಅಲ್ಲಿ ವಿಶೇಷ ಏನೂ ಇಲ್ಲ.

ನಾನು ಅಪ್ಪ-ಅವ್ವನಿಗೆ ಲಿಂಪರ್ಟ್ಸ್‌ಬರ್ಗ್ ಆರಿಸಿದೆ. ಯಾಕೆ ಅಂತ ಹೇಳ್ಬೇಕು.

ಅಪ್ಪನಿಗೆ 71, ಹೈಸ್ಕೂಲ್ ಮಾಸ್ತರರಾಗಿ ನಿವೃತ್ತರು. ಅವ್ವನಿಗೆ 67, ಒಂದು ಮಂಡಿ ಆಪರೇಷನ್ ಆಗಿದೆ. ತಂಗಿ ಗ್ರುಂಡ್‌ನ ಒಂದು ಮನೆಯ ಫೋಟೋ ಕಳಿಸಿದ್ದಳು, ಕಿಟಕಿ ತೆಗೆದರೆ ನದಿ, ಸೇತುವೆ, ಎಲ್ಲರಿಗೂ ಅದೇ ಮನಸ್ಸಿಗೆ ಬಂದಿತ್ತು. ಅವ್ವ ಫೋಟೋ ನೋಡಿ ಕೇಳಿದ್ದು ಒಂದೇ ಮಾತು: "ಚಂದ ಅದ. ಮುಂಜಾನೆ ಹಾಲು ಎಲ್ಲಿ ಸಿಗತಾವ?"

ನಾನು ಆಮೇಲೆ ಬಹಳ ಹೊತ್ತು ಆ ಮಾತಿನ ಬಗ್ಗೆ ಯೋಚನೆ ಮಾಡಿದೆ. ಅವರಿಬ್ಬರೂ ಪುಣೆಗೆ ಬಂದಾಗ ನಮ್ಮ ಹನ್ನೊಂದನೇ ಮಹಡಿಯಲ್ಲೇ ಇರ್ತಾರೆ. ಧಾರವಾಡದಲ್ಲಿ ಇಡೀ ಪೇಟೆ ಸುತ್ತಿ ಬರೋ ಅವ್ವ, ಪುಣೆಯಲ್ಲಿ ಕೊತ್ತಂಬರಿ ತರೋದಕ್ಕೂ ನನ್ನ ದಾರಿ ಕಾಯ್ತಾಳೆ. ಆ ರಸ್ತೆ ದಾಟೋದು ಅವಳಿಂದ ಆಗಲ್ಲ. ಅಪ್ಪ ಬಾಯಿ ಬಿಟ್ಟು ಏನೂ ಹೇಳಲ್ಲ, ಎರಡು ವಾರ ಆದಮೇಲೆ ರೈಲಿನ ಟಿಕೆಟ್ ಕೇಳ್ತಾರೆ. ಅಷ್ಟು ದುಡ್ಡು ಹಾಕಿ, ವೀಸಾ ಮಾಡಿಸಿ, ಅಷ್ಟು ದೂರ ಕರಕೊಂಡು ಹೋಗಿ, ಅಲ್ಲೂ ನನ್ನ ಬೆನ್ನ ಹಿಂದೆಯೇ ನಡೆಸೋದು ನನಗೆ ಬೇಡವಾಗಿತ್ತು. ಹಾಗಾಗಿ ನಾನು ಕೇಳಿಕೊಂಡ ಪ್ರಶ್ನೆ ಇದು: ನಾನು ಮಲಗಿರುವಾಗ ಅವ್ವ ಒಬ್ಬಳೇ ಹೊರಗೆ ಹೋಗಿ, ಬೇಕಾದ್ದು ತಗೊಂಡು, ವಾಪಸ್ ಬರೋದಕ್ಕೆ ಆಗುವಂಥ ಮನೆ ಯಾವುದು?

ಈ ಒಂದು ಪ್ರಶ್ನೆ ಹಾಕಿದರೆ ಪಟ್ಟಿ ತಾನಾಗೇ ಚಿಕ್ಕದಾಗುತ್ತೆ. ಕಟ್ಟಡದಲ್ಲಿ ಲಿಫ್ಟ್ ಇರಬೇಕು, ಯಾಕಂದ್ರೆ ಅಲ್ಲಿನ ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರಲ್ಲ. ಅಡುಗೆ ಮಾಡಿಕೊಳ್ಳೋ ಹಾಗಿರಬೇಕು. ದಿನಸಿ ಅಂಗಡಿ ಮೆಟ್ಟಿಲಿಲ್ಲದ ದಾರಿಯಲ್ಲಿ ಐದು ನಿಮಿಷದೊಳಗೆ ಇರಬೇಕು. ಟ್ರಾಮ್ ಸ್ಟಾಪಿಗೆ ಒಂದೇ ತಿರುವು ಇರಬೇಕು. ಇಷ್ಟನ್ನೂ ನಾನು ಮನೆಯವರಿಗೆ ಮೆಸೇಜ್ ಮಾಡಿ ಕೇಳಿ, ಆಮೇಲೆ ಮ್ಯಾಪಿನ ರಸ್ತೆ ಚಿತ್ರಗಳಲ್ಲಿ ಬಾಗಿಲಿನಿಂದ ಅಂಗಡಿವರೆಗೆ ಒಂದೊಂದೇ ಹೆಜ್ಜೆ ನೋಡಿದೆ. ಹೀಗೆ ನೋಡಿದಾಗ ಮೂವತ್ತು ಮನೆಗಳಲ್ಲಿ ಉಳಿದದ್ದು ಎರಡು.

ಎರಡನೇ ದಿನವೇ ಅವ್ವ ಹಾಲು, ಮೊಸರು ತಂದಳು. ಭಾಷೆ ಬರಲ್ಲ. ಅಂಗಡಿಯಾಕೆಗೆ ಕನ್ನಡದಲ್ಲೇ ಮಾತಾಡಿ, ಆಕೆ ಫ್ರೆಂಚಿನಲ್ಲಿ ಉತ್ತರ ಕೊಟ್ಟು, ಇಬ್ಬರಿಗೂ ಅರ್ಥ ಆಗಿತ್ತಂತೆ. ಮೂರನೇ ದಿನ ಅಪ್ಪ ಹೇಳದೆ ಕೇಳದೆ ಟ್ರಾಮ್ ಹತ್ತಿ ಏರ್‌ಪೋರ್ಟ್‌ವರೆಗೆ ಹೋಗಿ, ವಿಮಾನ ನೋಡಿ, ಅದೇ ಟ್ರಾಮಿನಲ್ಲಿ ವಾಪಸ್ ಬಂದರು. ಒಂದೇ ಮಾರ್ಗ, ಟಿಕೆಟ್ ಇಲ್ಲ, ದಾರಿ ತಪ್ಪೋ ಪ್ರಶ್ನೆಯೇ ಇಲ್ಲ. ಊಟಕ್ಕೆ ಕೂತಾಗ ಯಾವ ಸ್ಟಾಪ್ ಆದಮೇಲೆ ಯಾವುದು ಬರುತ್ತೆ ಅಂತ ನನಗೇ ಪಾಠ ಹೇಳಿದರು. ಗ್ರುಂಡ್ ನೋಡಿದ್ವಿ, ಲಿಫ್ಟಿನಲ್ಲಿ ಇಳಿದು ನದಿ ಪಕ್ಕ ಎರಡು ಗಂಟೆ ಕೂತು ಬಂದ್ವಿ. ನೋಡೋ ಜಾಗದಲ್ಲೇ ಮಲಗಬೇಕು ಅಂತೇನಿಲ್ಲವಲ್ಲ.

ಇನ್ನು ವೀಸಾ ವಿಷಯ. ನಾವು ಹಾಕೋ ವೀಸಾದ ಹೆಸರೇ ಶೆಂಗೆನ್, ಅದು ಲಕ್ಸೆಂಬರ್ಗ್‌ನ ಒಂದು ಪುಟ್ಟ ಹಳ್ಳಿ. 1985ರ ಜೂನ್ 14ರಂದು ಮೊಸೆಲ್ ನದಿಯಲ್ಲಿ, ಒಂದು ಹಡಗಿನ ಮೇಲೆ, ಐದು ದೇಶದವರು ಅಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಪುಕ್ಕಟೆ ಬಸ್ಸಿನಲ್ಲಿ ಹೋಗಿ ಬರಬಹುದು. ಅಪ್ಪ ಅಲ್ಲಿ ಪಾಸ್‌ಪೋರ್ಟ್ ತೆಗೆದು ಫೋಟೋ ಹೊಡೆಸಿಕೊಂಡರು.

ಉಳಿಯೋ ಜಾಗಕ್ಕೂ ಆ ವೀಸಾಕ್ಕೂ ನೇರ ಸಂಬಂಧ ಇದೆ. ಅರ್ಜಿ ಜೊತೆ ಎಲ್ಲಿ ಉಳಿಯುತ್ತೀರಿ ಅನ್ನೋ ಪುರಾವೆ ಕೊಡಬೇಕು. ಯಾವ ದೇಶದಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಲಕ್ಸೆಂಬರ್ಗ್ ದುಬಾರಿ ಅಂತ ಕೆಲವರು ಗಡಿಯಾಚೆ ಜರ್ಮನಿಯ ಟ್ರಿಯರ್‌ನಲ್ಲೋ ಫ್ರಾನ್ಸಿನ ತಿಯೋನ್‌ವಿಲ್‌ನಲ್ಲೋ ರೂಮ್ ಮಾಡ್ತಾರೆ. ತಪ್ಪೇನಿಲ್ಲ, ಎರಡು ಲಕ್ಷಕ್ಕೂ ಹೆಚ್ಚು ಜನ ದಿನಾ ಗಡಿ ದಾಟಿ ಅಲ್ಲಿಗೆ ಕೆಲಸಕ್ಕೆ ಬರ್ತಾರೆ. ಆದರೆ ಆ ರಾತ್ರಿಗಳು ಜರ್ಮನಿ, ಫ್ರಾನ್ಸ್ ಲೆಕ್ಕಕ್ಕೆ ಹೋಗ್ತವೆ, ಅರ್ಜಿ ಹಾಕಬೇಕಾದ ದೇಶವೇ ಬದಲಾಗಬಹುದು. ಗಡಿಯಾಚೆ ಪ್ರಯಾಣ ಪುಕ್ಕಟೆಯೂ ಅಲ್ಲ. ಮೊದಲು ರಾತ್ರಿಗಳನ್ನ ಎಣಿಸಿ, ಆಮೇಲೆ ಬುಕ್ ಮಾಡಿ. ವೀಸಾ ಕೈಗೆ ಬರೋವರೆಗೆ, ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್ ಬರೋ ಬುಕಿಂಗನ್ನೇ ಮಾಡಿ.

ಒಂದು ಎಚ್ಚರಿಕೆ. ಬೆಲ್ಜಿಯಂ ದೇಶದೊಳಗೆ ಲಕ್ಸೆಂಬರ್ಗ್ ಅನ್ನೋ ಹೆಸರಿನದೇ ಒಂದು ಪ್ರಾಂತ್ಯ ಇದೆ, ಅದು ಲಕ್ಸೆಂಬರ್ಗ್ ದೇಶಕ್ಕಿಂತ ದೊಡ್ಡದು. ಹುಡುಕಾಟದಲ್ಲಿ "ಲಕ್ಸೆಂಬರ್ಗ್" ಅಂತ ಹೊಡೆದಾಗ ಅಗ್ಗದ, ಚೆಂದದ ಹಳ್ಳಿ ಮನೆ ಬಂದರೆ ಖುಷಿ ಪಡೋ ಮೊದಲು ವಿಳಾಸದಲ್ಲಿ ಯಾವ ದೇಶ ಅಂತ ನೋಡಿ.

ಚಿಕ್ಕ ಊರಿನಲ್ಲಿ ಜಾಗ ಆರಿಸೋದು ಸುಲಭ ಅಂತ ಅನಿಸುತ್ತೆ, ಯಾಕಂದ್ರೆ ದೂರ ಒಂದು ಸಮಸ್ಯೆ ಅಲ್ಲ. ದೂರವನ್ನ ಪಟ್ಟಿಯಿಂದ ತೆಗೆದುಹಾಕಿ. ಅಲ್ಲಿ ನಿಮ್ಮ ಜೊತೆ ಬರೋವರ ಹೆಸರು ಬರೆಯಿರಿ, ಪ್ರತಿ ಹೆಸರಿನ ಮುಂದೆ ಅವರಿಗೆ ಬೆಳಿಗ್ಗೆ ಎದ್ದ ತಕ್ಷಣ ಏನು ಬೇಕು ಅಂತ ಬರೆಯಿರಿ. ಒಬ್ಬರಿಗೆ ಚಹಾ, ಒಬ್ಬರಿಗೆ ವಾಕಿಂಗ್, ಮಗುವಿಗೆ ಆಟದ ಜಾಗ. ಆ ಕಾಗದ ಪಕ್ಕಕ್ಕಿಟ್ಟುಕೊಂಡು ಮ್ಯಾಪ್ ತೆರೆಯಿರಿ. ಹೋಗಿ ಬನ್ನಿ, ಒಳ್ಳೇದಾಗಲಿ.