ಪ್ಲಗ್ ಕಿತ್ತರೆ ಸಾಲದು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್. ಆದರೂ ಇವತ್ತು ಕಂಪ್ಯೂಟರ್ ಡಬ್ಬಿಯ ಮೂಲೆಯಲ್ಲಿ ಕೂತಿರುವ ಎಸ್‌ಎಂಪಿಎಸ್ ಬಗ್ಗೆ ಮಾತಾಡುತ್ತೇನೆ. ಕಾರಣ, ಅದರಿಂದ ನಾನೊಮ್ಮೆ ಏಟು ತಿಂದಿದ್ದೇನೆ.

ಮಂಡ್ಯದಲ್ಲಿ ಬಿ.ಇ. ಓದುವಾಗ ಗೆಳೆಯನ ಕಂಪ್ಯೂಟರ್ ಆನ್ ಆಗದೆ ಕೂತಿತು. ಎಸ್‌ಎಂಪಿಎಸ್ ಹೊರತೆಗೆದು ಮುಚ್ಚಳ ಬಿಚ್ಚಿದೆ. ಪ್ಲಗ್ ಕಿತ್ತಿದ್ದೇನೆ ಎಂಬ ಧೈರ್ಯ. ಬೋರ್ಡಿನ ಅಡಿಗೆ ಬೆರಳು ತಾಕಿದ್ದೇ ತಡ, ಕೈ ಎಗರಿ ಮೊಣಕೈ ಗೋಡೆಗೆ ಬಡಿಯಿತು. ಮಾರನೆಯ ದಿನ ಅದನ್ನು ಮದ್ದೂರಿನಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದ ಅಣ್ಣನೊಬ್ಬರ ಬಳಿ ಒಯ್ದೆ. ಅವರು ನಕ್ಕು, "ವೈರ್ ಕಿತ್ತೆ, ಸರಿ ಕಣಪ್ಪ. ಒಳಗೆ ತುಂಬ್ಕೊಂಡಿರೋದ್ನ ಯಾರು ಖಾಲಿ ಮಾಡೋರು?" ಅಂದರು.

ಎಸ್‌ಎಂಪಿಎಸ್ ಮೊದಲು ನಮ್ಮ 230 ವೋಲ್ಟ್ ಎ.ಸಿ.ಯನ್ನು ಡಿ.ಸಿ. ಮಾಡುತ್ತದೆ. ಆಗ ಅದು ಸುಮಾರು 325 ವೋಲ್ಟಿಗೆ ಏರಿ ದಪ್ಪ ಕೆಪಾಸಿಟರುಗಳಲ್ಲಿ ತುಂಬಿಕೊಳ್ಳುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು, ಪುಟ್ಟ ಟ್ರಾನ್ಸ್‌ಫಾರ್ಮರ್ ಮೂಲಕ 12, 5, 3.3 ವೋಲ್ಟಿಗೆ ಇಳಿಸುವುದು ಆಮೇಲಿನ ಕೆಲಸ. (ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದೂ ಟ್ರಾನ್ಸ್‌ಫಾರ್ಮರಿನಲ್ಲಿ ಏರಿಸಿ ಇಳಿಸಿಯೇ.) ನಾಲೆಯ ತೂಬು ಮುಚ್ಚಿದರೂ ಕೆರೆಯಲ್ಲಿ ನೀರು ನಿಂತಿರುತ್ತದಲ್ಲ, ಪ್ಲಗ್ ಕಿತ್ತ ಮೇಲೆ ಕೆಪಾಸಿಟರ್ ಹಾಗೆ.

ಅದನ್ನು ಬರಿದು ಮಾಡಲು ಒಳಗೇ ರೆಸಿಸ್ಟರ್ ಇಟ್ಟಿರುತ್ತಾರೆ. ಕೆಟ್ಟ ಎಸ್‌ಎಂಪಿಎಸ್‌ನಲ್ಲಿ ಆ ರೆಸಿಸ್ಟರೇ ಕೆಟ್ಟಿರಬಹುದು. ಆದ್ದರಿಂದ ಹತ್ತು ನಿಮಿಷ ಕಾದರೂ ಮೀಟರಿನಲ್ಲಿ ಅಳೆಯಲೇಬೇಕು. ವೋಲ್ಟೇಜ್ ಉಳಿದಿದ್ದರೆ 10 ಕಿಲೋ ಓಮ್, 10 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಷನ್ ಇರುವ ವೈರುಗಳಿಂದ ಅರ್ಧ ನಿಮಿಷ ತಾಗಿಸಿ, ಮತ್ತೆ ಅಳೆಯಬೇಕು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವುದು ಶೂರತನವಲ್ಲ, ದಡ್ಡತನ.

ನಮ್ಮದರಲ್ಲಿ ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿಬಿಡಿ ಅಂದೆ. ಫ್ಯೂಸ್ ಸುಮ್ಮನೆ ಹೋಗುವುದಿಲ್ಲ ಎಂದು ಅವರು ಡಯೋಡುಗಳನ್ನು ಪರೀಕ್ಷಿಸಿದರು. ಎರಡು ಶಾರ್ಟ್ ಆಗಿದ್ದವು. ಅವನ್ನು ಬದಲಿಸಿ, ಅಷ್ಟೇ ಆಂಪಿಯರಿನ ಫ್ಯೂಸ್ ಹಾಕಿ, ಸೀರೀಸಿನಲ್ಲಿ ಒಂದು 60 ವ್ಯಾಟಿನ ಬುರುಡೆ ಬಲ್ಬ್ ಕೂರಿಸಿ ಕರೆಂಟ್ ಕೊಟ್ಟರು. ಬಲ್ಬ್ ಜೋರಾಗಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ ಎಂದರ್ಥ. ನಮ್ಮದು ಒಮ್ಮೆ ಮಿಂಚಿ ಮಂಕಾಯಿತು. ಹಸಿರು ವೈರನ್ನು ಕಪ್ಪು ವೈರಿಗೆ ಸೇರಿಸಿದಾಗ ಫ್ಯಾನ್ ತಿರುಗಿತು. ನೆನಪಿರಲಿ, ಆ ಬಲ್ಬ್ ಕಾಯುವುದು ಬೋರ್ಡನ್ನು, ನಿಮ್ಮ ಕೈಯನ್ನಲ್ಲ. ಎಲ್‌ಇಡಿ ಬಲ್ಬಿನಿಂದ ಈ ಪರೀಕ್ಷೆ ಆಗದು.

ಮಕ್ಕಳೇ, ಮನೆಯಲ್ಲಿ ಒಬ್ಬರೇ ಇದ್ದಾಗ ಇದನ್ನು ಬಿಚ್ಚಬೇಡಿ. ಟಿ.ವಿ., ಯುಪಿಎಸ್, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಕೆಟ್ಟುಹೋದ ಒಂದು ಎಸ್‌ಎಂಪಿಎಸ್ ತಂದಿದ್ದೇನೆ, ಜೊತೆಗೆ ಮೀಟರ್. ಊಟವಾದ ಮೇಲೆ ವಿಜ್ಞಾನದ ಮೇಷ್ಟ್ರ ಎದುರಿಗೆ ಬಿಚ್ಚೋಣ. ನೀವು ನೋಡಿ, ಅಳೆಯುವವನು ನಾನು.